ಮೂವತ್ತು–ನಲವತ್ತರ ಮನೆಯಿಂದ ವ್ಯಾನಿಗೆ: ಮಿಕ್ಕ ಸಾಮಾನಿನ ವಿಚಾರ

(ಹಾಸನದಲ್ಲಿ ನಿವೃತ್ತ ಶಿಕ್ಷಕರೂ ಅವರ ಮನೆಯವರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ತಿದ್ದಿ, ಕೆಲವೆಡೆ ವಿಸ್ತರಿಸಿ ಬರೆದದ್ದು.)

ಹಿರಿಯರೇ, ಸ್ನೇಹಿತರೇ,

ನಾನೂ ನಮ್ಮ ಯಜಮಾನರೂ ಹಾಸನದ ಮನೆಯನ್ನು ಬಾಡಿಗೆಗೆ ಕೊಟ್ಟು, ವಾಸಕ್ಕೆ ಅನುಕೂಲವಿರುವ ಒಂದು ವ್ಯಾನಿನಲ್ಲಿ ಊರೂರು ಸುತ್ತುತ್ತಿದ್ದೇವೆಂಬುದು ಗೊತ್ತಾದಂದಿನಿಂದ ಜನ ನಮ್ಮನ್ನು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಸ್ನಾನಕ್ಕೇನು ಮಾಡುತ್ತೀರಿ, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಭಯವಾಗುವುದಿಲ್ಲವೇ ಎಂದು ಕೇಳುತ್ತಾರೆ. ಇವಕ್ಕೆಲ್ಲ ಉತ್ತರವಿದೆ, ಹದಿನೈದು ದಿನ ವ್ಯಾನಿನಲ್ಲಿ ಕಳೆದವರಿಗೆ ಆ ಉತ್ತರಗಳು ತಾವಾಗಿಯೇ ಸಿಗುತ್ತವೆ. ಆದರೆ ನಮ್ಮನ್ನು ಹೊರಡುವ ಮೊದಲೇ ಎಂಟು ತಿಂಗಳು ಕಾಡಿದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನೆಯ ಅಟ್ಟದಲ್ಲಿ, ಬೀರುಗಳಲ್ಲಿ, ಮಂಚದ ಕೆಳಗೆ ತುಂಬಿಕೊಂಡಿದ್ದ ಸಾಮಾನನ್ನೆಲ್ಲ ಏನು ಮಾಡಿದಿರಿ ಎಂಬುದೇ ಆ ಪ್ರಶ್ನೆ. ಇವತ್ತು ಅದೊಂದರ ಬಗ್ಗೆಯೇ ಮಾತನಾಡುತ್ತೇನೆ. ಈ ಸಭೆಯಲ್ಲಿ ವ್ಯಾನು ಹತ್ತುವವರು ಒಬ್ಬಿಬ್ಬರಿರಬಹುದು. ಆದರೆ ಮಗನ ಫ್ಲ್ಯಾಟಿಗೋ, ಸಣ್ಣ ಬಾಡಿಗೆ ಮನೆಗೋ ಹೋಗಬೇಕಾಗಿ ಬಂದು ಇದೇ ಪ್ರಶ್ನೆಯ ಎದುರು ನಿಲ್ಲುವವರು ಬಹಳ ಮಂದಿ ಇದ್ದೀರಿ ಎಂದು ನನಗೆ ಗೊತ್ತು.

ಮೊದಲು ಜಾಗದ ಮಾತು. ನಮ್ಮದು ಮೂವತ್ತು–ನಲವತ್ತರ ಸೈಟು, ಅಂದರೆ 1,200 ಚದರ ಅಡಿ. ಸುತ್ತ ಬಿಟ್ಟ ಜಾಗ ಕಳೆದರೂ ಮನೆ ಇಬ್ಬರಿಗೆ ದೊಡ್ಡದೇ, ಮೇಲೊಂದು ಅಟ್ಟ ಬೇರೆ. ವ್ಯಾನಿನಲ್ಲಿ ಚಾಲಕರ ಸೀಟಿನ ಹಿಂದೆ ಹತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಜಾಗವಿದೆ. ಗುಣಿಸಿದರೆ 55 ಚದರ ಅಡಿ. ನಮ್ಮ ದೇವರಕೋಣೆ, ಉಗ್ರಾಣ ಎರಡನ್ನೂ ಸೇರಿಸಿದರೆ ಅದಕ್ಕಿಂತ ತುಸು ದೊಡ್ಡದಾಗುತ್ತಿತ್ತು. ಅದರೊಳಗೂ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂತ ಮೇಲೆ ಸಾಮಾನಿಗೆ ಉಳಿಯುವುದು ಹಾಸಿಗೆಯ ಅಡಿಯ ಪೆಟ್ಟಿಗೆಗಳು ಮತ್ತು ತಲೆಯ ಮೇಲಿನ ಎರಡು ಸಾಲು ಗೂಡುಗಳು ಮಾತ್ರ. ಇಲ್ಲೇ ಇನ್ನೊಂದು ಮಾತನ್ನೂ ಹೇಳಿ ಮುಂದೆ ಹೋಗುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ನಾವು ಸರಕು ವ್ಯಾನನ್ನು ತಂದು ಬಡಗಿಯ ಕೈಗೆ ಕೊಡುವ ಯೋಚನೆಯನ್ನು ಬಿಟ್ಟು, ಕ್ಯಾರವಾನ್ ಎಂದೇ ನೋಂದಣಿಯಾಗಿದ್ದ ಹಳೆಯ ವಾಹನವನ್ನು ಕೊಂಡೆವು.

ಜಾಗಕ್ಕಿಂತ ಮುಖ್ಯವಾದದ್ದು ತೂಕ. ಇದು ನಮಗೆ ತಡವಾಗಿ ತಿಳಿಯಿತು. ವಾಹನದ ನೋಂದಣಿ ಪತ್ರದಲ್ಲಿ ಖಾಲಿ ತೂಕವೆಷ್ಟು, ಹೇರು ಸಮೇತ ಹೆಚ್ಚೆಂದರೆ ಎಷ್ಟಿರಬಹುದು ಎಂದು ಎರಡು ಅಂಕಿಗಳಿರುತ್ತವೆ. ಅವುಗಳ ನಡುವಿನ ಅಂತರದಲ್ಲೇ ನಾವು, ನಮ್ಮ ನೀರು, ನಮ್ಮ ಅಕ್ಕಿ ಬೇಳೆ, ನಮ್ಮ ನೆನಪುಗಳು ಎಲ್ಲವೂ ಹಿಡಿಸಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ವ್ಯಾನನ್ನು ತೂಕ ಹಾಕಿಸಲು ವೇಬ್ರಿಡ್ಜಿಗೆ ಒಯ್ದೆವು. ಹಾಸನದಲ್ಲಿ ಮೇ ತಿಂಗಳೆಂದರೆ ಬಿತ್ತನೆ ಆಲೂಗೆಡ್ಡೆಯ ಕಾಲ. ಜಲಂಧರಿನಿಂದ ಬಂದ ಬೀಜದ ಮೂಟೆಗಳನ್ನು ಹೇರಿದ ಲಾರಿಗಳು ಸಾಲಾಗಿ ನಿಂತಿದ್ದವು, ಅವುಗಳ ನಡುವೆ ನಮ್ಮ ಬಿಳಿ ವ್ಯಾನು. ಗಾಜಿನ ಕಿಂಡಿಯ ಹಿಂದೆ ಕೂತಿದ್ದ ಹುಡುಗ "ಏನು ಲೋಡು ಮೇಡಂ?" ಎಂದು ಕೇಳಿದ. "ಸಂಸಾರ" ಎಂದರು ನಮ್ಮ ಯಜಮಾನರು. ಹುಡುಗ ಚೀಟಿಯಲ್ಲಿ ಸರಕಿನ ಹೆಸರು ಬರೆಯುವ ಜಾಗವನ್ನು ಹಾಗೇ ಖಾಲಿ ಬಿಟ್ಟು ಮುದ್ರೆ ಒತ್ತಿ ಕೊಟ್ಟ. ಒಳಗಿನ ಮರದ ಕೆಲಸ, ತುಂಬಿದ ಡೀಸೆಲು, 90 ಲೀಟರ್ ನೀರು, ನಾವಿಬ್ಬರು, ಇಷ್ಟನ್ನು ಕಳೆದರೆ ಸಾಮಾನಿಗೆ ಉಳಿದದ್ದು 340 ಕೆ.ಜಿ. ನೀರೊಂದೇ ಲೀಟರಿಗೆ ಒಂದು ಕೆ.ಜಿ.ಯಂತೆ 90 ಕೆ.ಜಿ. ತಿಂದಿತ್ತು. ಮನೆಯಲ್ಲಿ ಬಳಸುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲವಿದ್ದರೂ ಕಬ್ಬಿಣದ ತೂಕ ಸೇರಿ ಅದು 30 ಕೆ.ಜಿ.ಯ ಹತ್ತಿರ ತೂಗುತ್ತದೆ. ಆದ್ದರಿಂದ 5 ಕೆ.ಜಿ.ಯ ಸಣ್ಣ ಸಿಲಿಂಡರು ಸಾಕೆಂದು ಅಲ್ಲೇ ತೀರ್ಮಾನವಾಯಿತು. ಶಿರಾಡಿ ಘಾಟಿಯನ್ನು ಇಳಿಯುವಾಗ ಭಾರದ ವಾಹನದ ಬ್ರೇಕು ಹೇಗೆ ಕಾಯುತ್ತದೆಂದು ಈ ಕಡೆಯ ಚಾಲಕರಿಗೆಲ್ಲ ಗೊತ್ತು. ಅದನ್ನು ನೆನೆದು ನಾವು 340ನ್ನೂ ಮುಟ್ಟದೆ 250 ಕೆ.ಜಿ.ಗೆ ಗೆರೆ ಎಳೆದೆವು.

ಆ ಚೀಟಿ ಕೈಗೆ ಬರುವ ಹೊತ್ತಿಗೆ ನಾವು ಒಯ್ಯಬೇಕಾದ ಸಾಮಾನಿನ ಮೊದಲ ಪಟ್ಟಿ ಸಿದ್ಧವಾಗಿತ್ತು. ಮನೆಗೆ ಬಂದು, ಬಚ್ಚಲಲ್ಲಿದ್ದ ಹಳೆಯ ತೂಕದ ಯಂತ್ರದ ಮೇಲೆ ಒಂದೊಂದನ್ನೇ ಇಟ್ಟು ಕೂಡಿದರೆ 610 ಕೆ.ಜಿ. ಆಯಿತು. ಎಲ್ಲಿ ತಪ್ಪಿದೆವೆಂದು ಯೋಚಿಸಿದಾಗ ತಿಳಿದದ್ದಿಷ್ಟು. ನಾವು ಕೋಣೆಯಿಂದ ಕೋಣೆಗೆ ಹೋಗಿ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು "ಇದು ಬೇಕೇ?" ಎಂದು ಕೇಳಿಕೊಂಡಿದ್ದೆವು. ಹಾಗೆ ಕೇಳಿದರೆ ಮನೆಯಲ್ಲಿರುವ ಪ್ರತಿಯೊಂದೂ ಬೇಕಾದದ್ದೇ, ಬೇಡವಾಗಿದ್ದರೆ ಇಷ್ಟು ವರ್ಷ ಅದು ಮನೆಯಲ್ಲಿ ಉಳಿಯುತ್ತಲೇ ಇರಲಿಲ್ಲ. ಎಷ್ಟು ಎಂಬ ಅಳತೆ ಮೊದಲು ನಿಂತಿರಬೇಕು, ಆಮೇಲೆ ಕೈ ಸಾಮಾನಿನ ಮೇಲೆ ಹೋಗಬೇಕು.

ಇದು ನಾನು ಕಂಡುಹಿಡಿದ ಮಾತಲ್ಲ. ಶ್ರವಣಬೆಳಗೊಳ ಇರುವ ಜಿಲ್ಲೆಯವರು ನಾವು. ಮುನಿಗಳ ಸರ್ವಸಂಗ ಪರಿತ್ಯಾಗವನ್ನು ಎಲ್ಲರೂ ಬಲ್ಲೆವು. ಆದರೆ ಜೈನ ಗೃಹಸ್ಥರಿಗೆ ಹೇಳಿರುವ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಅದು ಎಲ್ಲವನ್ನೂ ಬಿಡು ಎನ್ನುವುದಿಲ್ಲ. ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ಪಾತ್ರೆ ಬಟ್ಟೆ ಇವುಗಳಲ್ಲಿ ನನಗೆ ಇಷ್ಟು ಸಾಕು ಎಂದು ಗೃಹಸ್ಥ ತಾನೇ ಮಿತಿ ಹಾಕಿಕೊಳ್ಳಬೇಕು, ಆಮೇಲೆ ಆ ಮಿತಿಯನ್ನು ಮೀರಬಾರದು ಎನ್ನುತ್ತದೆ. ಹೈಸ್ಕೂಲಿನಲ್ಲಿ ವರ್ಷವರ್ಷವೂ ಮಕ್ಕಳಿಗೆ ಈ ಪಾಠ ಮಾಡಿದ ನನಗೆ, ಪರಿಮಾಣ ಎಂಬ ಪದ ಆ ಸಾಲಿನಲ್ಲಿ ಏಕಿದೆಯೆಂದು ಅರ್ಥವಾದದ್ದು ವೇಬ್ರಿಡ್ಜಿನ ಚೀಟಿ ಹಿಡಿದು ನಿಂತಾಗ.

ಅಳತೆ ಹಾಕಿ ಹೊರಡುವುದನ್ನು ನಾನು ಹುಡುಗಿಯಾಗಿದ್ದಾಗಲೇ ನೋಡಿದ್ದೆ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಹಿನ್ನೀರಿನ ಹಳ್ಳಿಗಳು ಒಂದೊಂದಾಗಿ ಖಾಲಿಯಾದವು. ನನ್ನ ಅಜ್ಜಿಯ ಊರು ಅವುಗಳಲ್ಲೊಂದು. ಇವತ್ತು ಶೆಟ್ಟಿಹಳ್ಳಿಯ ಪಾಳು ಇಗರ್ಜಿಯನ್ನು ನೋಡಲು ಹೋಗುವವರಿಗೆ ಆ ನೀರಿನಡಿ ಜನರ ಮನೆಗಳೂ ಇದ್ದವೆಂಬುದು ಹೊಳೆಯುವುದು ಕಡಿಮೆ. ಅವರ ಸಂಕಟಕ್ಕೂ, ಇಷ್ಟಪಟ್ಟು ಹೊರಟ ನಮ್ಮ ಪ್ರಯಾಣಕ್ಕೂ ಹೋಲಿಕೆಯೇ ಇಲ್ಲ, ಹೋಲಿಸಲೂಬಾರದು. ಆದರೆ ಅಜ್ಜಿ ಮಾಡಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅವರಿಗೆ ಸಿಕ್ಕಿದ್ದು ಎರಡು ಗಾಡಿ. ತಾತ ಮಾಡಿನ ತೊಲೆ, ಹೆಂಚು, ಹೆಬ್ಬಾಗಿಲ ಚೌಕಟ್ಟುಗಳನ್ನು ಒಂದು ಗಾಡಿಗೆ ಹೇರಿಸಿದರು, ಹೊಸ ಜಾಗದಲ್ಲಿ ಮನೆ ಎಬ್ಬಿಸಬೇಕಲ್ಲ. ಇನ್ನೊಂದರಲ್ಲಿ ಬಿತ್ತನೆ ರಾಗಿ, ಪಾತ್ರೆ, ಹಾಸಿಗೆ. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒರಳುಕಲ್ಲನ್ನು ಕೀಳಿಸುವುದೇ ಬೇಡವೇ ಎಂದು ಎರಡು ದಿನ ಮಾತಾಯಿತು. ಕೊನೆಗೆ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಗುಂಡುಕಲ್ಲನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದರು. ಹೊರಡುವ ಮುನ್ನಿನ ವಾರ ಅವರು ಉಳಿದ ಒಂದೊಂದು ವಸ್ತುವನ್ನೂ ಇಂಥವರಿಗೆ ಎಂದು ಹೆಸರಿಟ್ಟು ಹಂಚಿಬಿಟ್ಟಿದ್ದರು. ಯಾರ ಮನೆಯಲ್ಲೂ "ಇಟ್ಟುಕೊಂಡಿರಿ, ಆಮೇಲೆ ಒಯ್ಯುತ್ತೇನೆ" ಎಂದು ಬಿಡಲಿಲ್ಲ. ಆಮೇಲೆ ಎಂಬುದಕ್ಕೆ ಅಲ್ಲಿ ಊರೇ ಉಳಿಯುತ್ತಿರಲಿಲ್ಲ.

ಅಜ್ಜಿ ಮಾಡದೆ ಬಿಟ್ಟ ಆ ತಪ್ಪನ್ನೇ ನಾನು ಮಾಡಿದೆ. 250 ಕೆ.ಜಿ.ಯ ಗೆರೆಗೆ ಹೆದರಿ, ತೀರ್ಮಾನ ಮಾಡಲಾಗದ ಸಾಮಾನನ್ನೆಲ್ಲ 22 ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ, ಸಕಲೇಶಪುರದ ಕಡೆ ತೋಟದ ಮನೆಯಿರುವ ನನ್ನ ಚಿಕ್ಕಪ್ಪನ ಮಗನ ಬಳಿ ಬಿಟ್ಟುಬಂದೆ. "ಆರೇ ತಿಂಗಳು ಕಣೋ, ಒಂದು ಸುತ್ತು ಹೋಗಿ ಬಂದು ಎಲ್ಲ ವಿಲೇವಾರಿ ಮಾಡುತ್ತೇನೆ" ಎಂದೆ. "ಅದಕ್ಕೇನಕ್ಕಾ, ಗೋದಾಮು ಖಾಲಿಯೇ ಇದೆ, ಇಡು" ಎಂದ ಅವನು. ನಾವು ಹೋದದ್ದು ಬೇಸಿಗೆಯಲ್ಲಿ. ಕಾಫಿ ಗೋದಾಮು ಖಾಲಿಯಿರುವುದು ಬೇಸಿಗೆಯಿಂದ ಮುಂದೆ ಕೆಲವೇ ತಿಂಗಳು. ನವೆಂಬರಿನ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಅದರ ಬೆನ್ನಿಗೇ ರೊಬಸ್ಟಾ, ನಡುವೆ ಮೆಣಸು. ಕಣದಲ್ಲಿ ಒಣಗಿದ ಮೂಟೆಗಳು ಒಳಗೆ ಬರತೊಡಗಿದಾಗ ಅವನು ನನ್ನ ಪೆಟ್ಟಿಗೆಗಳನ್ನು ಹಿಂದಿನ ಜಗಲಿಗೆ ಸಾಗಿಸಿ ಟಾರ್ಪಾಲು ಹೊದಿಸಿದ್ದ. ಆರು ತಿಂಗಳು ಹೋಗಿ ಎರಡು ಮಳೆಗಾಲ ಕಳೆದವು. ಸಕಲೇಶಪುರದ ಮಳೆ ನಿಮಗೆ ನಾನು ಹೇಳಬೇಕಾದ್ದಿಲ್ಲ. ಗಾಳಿಯಲ್ಲಿ ತೇವ ನೂರಕ್ಕೆ ಎಪ್ಪತ್ತನ್ನು ದಾಟಿ ಹಾಗೇ ನಿಂತರೆ ಕಾಗದ, ಬಟ್ಟೆ, ಚರ್ಮ ಎಲ್ಲದರ ಮೇಲೂ ಬೂಸಲು ಏಳುತ್ತದೆ. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೇ ಅಪರೂಪ. ಟಾರ್ಪಾಲು ಮಳೆಯನ್ನು ತಡೆಯಿತು, ತೇವವನ್ನು ಒಳಗೇ ಹಿಡಿದಿಟ್ಟಿತು. ಗೋಡೆಗೆ ತಾಗಿದ್ದ ಪೆಟ್ಟಿಗೆಗಳಿಗೆ ಗೆದ್ದಲು ಹತ್ತಿತ್ತು.

ನಾನು ತೆರೆದ ಮೊದಲ ಪೆಟ್ಟಿಗೆಯಲ್ಲಿದ್ದದ್ದು ನಮ್ಮ ತಂದೆಯ ಲೆಕ್ಕದ ಪುಸ್ತಕಗಳು. ಮೇಲಿನ ರಟ್ಟು ಹಾಗೇ ಇತ್ತು, ಅವರ ಅಕ್ಷರದಲ್ಲಿ ಬರೆದ ವರ್ಷವೂ ಕಾಣುತ್ತಿತ್ತು. ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು. ಒಳಗೆ ಹಾಳೆಗಳಿದ್ದ ಜಾಗದಲ್ಲಿ ಕೆಮ್ಮಣ್ಣಿನ ಗೂಡು. ನನಗೆ ಅಳು ಬಂದದ್ದು ಆಮೇಲೆ; ಮೊದಲು ಕಂಡದ್ದು ಪಕ್ಕದಲ್ಲಿ ನಿಂತಿದ್ದ ತಮ್ಮನ ಮುಖ. ಅವನದ್ದಲ್ಲದ ತಪ್ಪಿಗೆ ಅವನು ತಲೆ ತಗ್ಗಿಸಿ ನಿಂತಿದ್ದ. ಎರಡು ವರ್ಷ ನನ್ನ ಪೆಟ್ಟಿಗೆಗಳನ್ನು ಎತ್ತಿ ಇಳಿಸಿ, ಹೆಂಡತಿಯಿಂದ ಮಾತು ಕೇಳಿ, ಕೊನೆಗೆ ಅಕ್ಕನ ಎದುರು ಅಪರಾಧಿಯಂತೆ ನಿಲ್ಲುವ ಹಾಗೆ ಅವನನ್ನು ಮಾಡಿದ್ದು ನಾನು. ನೆಂಟರ ಮನೆಯಲ್ಲಿ ಬಿಟ್ಟ ಪೆಟ್ಟಿಗೆ ನಮ್ಮ ಪಾಲಿಗೆ ಮರೆವಾಗುತ್ತದೆ, ಅವರ ಪಾಲಿಗೆ ದಿನವೂ ಎಡವುವ ಕಲ್ಲಾಗುತ್ತದೆ. ಇದನ್ನು ಮನಸ್ಸಿಟ್ಟು ಕೇಳಬೇಕೆಂದು ನಿಮ್ಮನ್ನು ಪ್ರಾರ್ಥಿಸುತ್ತೇನೆ.

ಬಾಡಿಗೆ ಕೋಣೆ ಹಿಡಿದು ಸಾಮಾನಿಡಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಿಡಿಯಬಹುದು. ತಿಂಗಳಿಗೆ 2,000 ರೂಪಾಯಿಯ ಕೋಣೆಯೆಂದರೂ ಮೂರು ವರ್ಷಕ್ಕೆ 72,000 ರೂಪಾಯಿ. ನಾನು ಪೆಟ್ಟಿಗೆಗೆ ತುಂಬಿದ್ದ ಸಾಮಾನನ್ನೆಲ್ಲ ಹೊಸದಾಗಿ ಕೊಂಡರೂ ಅಷ್ಟಾಗುತ್ತಿರಲಿಲ್ಲ; ಕೊಳ್ಳಲಾಗದ ನಾಲ್ಕಾರು ವಸ್ತುಗಳಿಗೆ ಕೋಣೆ ಬೇಕಿರಲಿಲ್ಲ, ಒಂದು ಟ್ರಂಕು ಸಾಕಿತ್ತು. ನಿಗದಿಯಾದ ದಿನಕ್ಕೆ ಹಿಂತಿರುಗುತ್ತೇವೆಂದು ಖಾತ್ರಿಯಿದ್ದವರಿಗೆ ಮಾತ್ರ ಕೋಣೆಯ ಲೆಕ್ಕ ಸರಿಹೋಗುತ್ತದೆ.

ಅಲ್ಲಿಂದ ಮುಂದೆ ಒಂದು ಕಟ್ಟುಪಾಡು ಮಾಡಿಕೊಂಡೆವು. ಅಜ್ಜಿಯ ಹಾಗೆ, ಪ್ರತಿ ವಸ್ತುವಿನ ಮುಂದೆಯೂ ಒಬ್ಬರ ಹೆಸರು ಬರೆಯಬೇಕು. ಹೆಸರು ಹೊಳೆಯದಿದ್ದರೆ ಹುಡುಕಬೇಕು, ಆದರೆ ಖಾಲಿ ಬಿಟ್ಟು ಪೆಟ್ಟಿಗೆ ಕಟ್ಟಬಾರದು. ಈ ಕೆಲಸ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಅಡುಗೆಮನೆಯಲ್ಲಿ, ಅದರಲ್ಲೂ ಮುಯ್ಯಿ ಪಾತ್ರೆಗಳಲ್ಲಿ.

ನಮ್ಮ ಮದುವೆಯ ಕಾಲಕ್ಕೆ ಲಕೋಟೆಯಲ್ಲಿ ದುಡ್ಡು ಕೊಡುವುದಿದ್ದರೂ, ಹತ್ತಿರದವರು ಸ್ಟೀಲು ಪಾತ್ರೆ ಕೊಡುತ್ತಿದ್ದರು, ಕೊಡುವ ಮುನ್ನ ಅಂಗಡಿಯಲ್ಲೇ ಹೆಸರು ಹಾಕಿಸುತ್ತಿದ್ದರು. ಚುಕ್ಕೆ ಚುಕ್ಕೆಯಾಗಿ ಕೊರೆದ ಆ ಅಕ್ಷರಗಳನ್ನು ನೀವೆಲ್ಲ ಬಲ್ಲಿರಿ. ಕೊಟ್ಟವರ ಹೆಸರು, ಊರಿನ ಮೊದಲಕ್ಷರ, ತಾರೀಖು. ಅಟ್ಟದಿಂದ ಇಳಿಸಿದಾಗ ಅಂಥವು 64 ಇದ್ದವು: ಡಬರಿ, ಪರಾತ, ಬೋಸಿ, ಮುಚ್ಚಳವಿರುವ ತಿಂಡಿ ಡಬ್ಬ, ಒಂದೇ ಅಳತೆಯ ಏಳು ಚೊಂಬು. ಕೆಲವನ್ನು ಒಮ್ಮೆಯೂ ಬಳಸಿರಲಿಲ್ಲ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಒಯ್ಯಲು ಸಿದ್ಧನಿದ್ದ. ಅಂಗಳದಲ್ಲಿ ಹರಡಿ ಒಂದೊಂದನ್ನೇ ತಿರುಗಿಸಿ ಓದತೊಡಗಿದೆ. ಒಂದು ದೊಡ್ಡ ಡಬರಿಯ ಕಂಠದ ಮೇಲೆ ನನ್ನ ಸೋದರತ್ತೆಯ ಹೆಸರಿತ್ತು. ಅವರು ತೀರಿಕೊಂಡು ಹತ್ತೊಂಬತ್ತು ವರ್ಷ. ಓದು ಬರಹ ಬಾರದ ಅವರು ಅಂಗಡಿಯಲ್ಲಿ ನಿಂತು ತಮ್ಮ ಹೆಸರನ್ನು ಹೇಳಿ ಬರೆಸಿದ್ದಿರಬೇಕು. ಹೆಸರಿನಲ್ಲೊಂದು ಒತ್ತಕ್ಷರ ತಪ್ಪಿತ್ತು. ಅವರ ಮೊಮ್ಮಗಳಿಗೆ ಅರಸೀಕೆರೆಯಲ್ಲಿ ಹೊಸ ಸಂಸಾರ. ಬಸ್ಸಿನಲ್ಲಿ ಒಯ್ದು ಕೊಟ್ಟೆ. ಆ ಹುಡುಗಿ ಅಜ್ಜಿಯ ಹೆಸರಿನ ಮೇಲೆ ಬೆರಳಾಡಿಸಿ, "ಅಜ್ಜಿ ಹೆಸರು ಬರೆದದ್ದು ಅಂತ ನಮ್ಮನೇಲಿ ಒಂದೂ ಇರಲಿಲ್ಲ ದೊಡ್ಡಮ್ಮ" ಎಂದಳು.

ಅಂದಿನಿಂದ ಅದೇ ದಾರಿ ಹಿಡಿದೆ. ಕೊಟ್ಟ ಮುಯ್ಯಿಯನ್ನು ಹಿಂದಿರುಗಿಸುವುದು ಅವಮಾನವಲ್ಲವೇ ಎಂದು ನನ್ನ ನಾದಿನಿ ಆಕ್ಷೇಪಿಸಿದರು; ಅವರ ಮಾತಿನಲ್ಲಿ ನ್ಯಾಯವಿತ್ತು. ಮುಯ್ಯಿಗೆ ಮುಯ್ಯಿ ತೀರಿಸಬೇಕೇ ಹೊರತು ಅದೇ ಪಾತ್ರೆಯನ್ನು ಎದುರಿಗೆ ಇಡಬಾರದು. ಆದ್ದರಿಂದ ಕೊಟ್ಟವರು ಬದುಕಿದ್ದರೆ ಅವರಿಗೆ ಹಿಂತಿರುಗಿಸಲಿಲ್ಲ, ಅವರ ಮಕ್ಕಳ ಅಥವಾ ಮೊಮ್ಮಕ್ಕಳ ಮನೆಯ ಗೃಹಪ್ರವೇಶ, ನಾಮಕರಣಗಳಿಗೆ ಒಳಗೆ ಅಕ್ಕಿ ಬೆಲ್ಲ ತುಂಬಿ ಉಡುಗೊರೆಯಾಗಿ ಒಯ್ದೆ. 64ರಲ್ಲಿ 41 ಹೀಗೆ ಮನೆ ಸೇರಿದವು. ಊಟದ ತಟ್ಟೆ, ಲೋಟ, ದೊಡ್ಡ ಪರಾತಗಳು ನಮ್ಮ ಬೀದಿಯವರ ಸಂಘಕ್ಕೆ ಹೋದವು. ಸಣ್ಣಪುಟ್ಟ ಸಮಾರಂಭಗಳಿಗೆ ಈಗ ಅಲ್ಲಿಂದ ಎರವಲು ತರುತ್ತಾರೆ. ವ್ಯಾನಿಗೆ ಬಂದದ್ದು ಆರು ಪಾತ್ರೆ.

ತಾಮ್ರ ಹಿತ್ತಾಳೆಯ ಬಗ್ಗೆ ಎರಡು ಮಾತು. ಬಚ್ಚಲ ಒಲೆಯ ತಾಮ್ರದ ಹಂಡೆ 11 ಕೆ.ಜಿ. ತೂಗಿತು. ಕರಗಿಸುವವರಿಗೆ ಕೊಡುವ ಬದಲು ಸೌದೆ ಒಲೆ ಇರುವ ಮನೆಯನ್ನೇ ಹುಡುಕಿ ಕೊಟ್ಟೆವು. ಹಳೇ ಮನೆಗಳ ಕೆತ್ತನೆಯ ಕಂಬ, ಕಂಚಿನ ವಿಗ್ರಹ, ದೀಪದ ಕಂಬಗಳನ್ನು ಕೇಳಿಕೊಂಡು ಬೀದಿಯಲ್ಲಿ ಬರುವ ವ್ಯಾಪಾರಿಗಳ ವಿಷಯದಲ್ಲಿ ಎಚ್ಚರವಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ನೂರು ವರ್ಷ ದಾಟಿದ ಇಂಥ ವಸ್ತುಗಳು, ಮಹತ್ವದ ಹಸ್ತಪ್ರತಿಗಳಾದರೆ ಎಪ್ಪತ್ತೈದು ವರ್ಷ ದಾಟಿದವು, ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮನೆ ಖಾಲಿ ಮಾಡುವ ಆತುರದಲ್ಲಿರುವವರು ಇಂಥ ಕಡೆ ಬಹಳ ಬೇಗ ಮೋಸಹೋಗುತ್ತಾರೆ.

ಪುಸ್ತಕಗಳದ್ದು ಬೇರೆಯೇ ಕಥೆ. ಇಬ್ಬರೂ ಮೇಷ್ಟರು, ಸಾವಿರದ ಮೇಲೆ ಪುಸ್ತಕಗಳಿದ್ದವು. ಪುಸ್ತಕ ಹಗುರವೆಂದು ತಿಳಿದಿರುತ್ತೇವೆ, ಆದರೆ ಒಂದಡಿ ಎತ್ತರ, ಒಂದಡಿ ಅಗಲದ ಸಣ್ಣ ಪೆಟ್ಟಿಗೆ ತುಂಬಿದರೆ ಹದಿನೈದು ಕೆ.ಜಿ. ದಾಟುತ್ತದೆ. ನಾವು ಹದಿನಾಲ್ಕನ್ನು ಮಾತ್ರ ಒಯ್ದೆವು. ಉಳಿದವನ್ನು ಒಟ್ಟಿಗೆ ಒಂದು ಗ್ರಂಥಾಲಯಕ್ಕೆ ಕೊಟ್ಟು ಕೈತೊಳೆಯುವುದು ಸುಲಭವಿತ್ತು, ಆದರೆ ಕೇಳದೆ ಹೋಗಿ ಸುರಿದ ಪುಸ್ತಕಗಳು ಗ್ರಂಥಾಲಯದ ಮೂಲೆಯಲ್ಲಿ ಕಟ್ಟು ಬಿಚ್ಚದೆ ಬಿದ್ದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುಸ್ತಕ ಯಾರ ಕೈಗೆ ಬೀಳುತ್ತದೆಂಬುದು ಅದರ ಹಣೆಬರಹವನ್ನೇ ಬದಲಿಸುತ್ತದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಒಂದು ತಾಳೆಗರಿಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಕೊಟ್ಟರು. 1905ರಲ್ಲಿ ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಆ ಕಟ್ಟು ಓದಬಲ್ಲವರಿರುವ ಜಾಗಕ್ಕೆ ಹೋಗಿ ಸೇರಿತು, ಅದೇ ದೊಡ್ಡ ಮಾತು. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಆದರೂ ಗಣಿತದ ಪುಸ್ತಕಗಳು ಗಣಿತ ಕಲಿಸುವ ಕಿರಿಯ ಸಹೋದ್ಯೋಗಿಗೆ, ಮಕ್ಕಳ ಪುಸ್ತಕಗಳು ನಾನು ಕೆಲಸ ಮಾಡಿದ ಮೊದಲ ಹಳ್ಳಿಯ ಶಾಲೆಗೆ, ಬಿಡಿ ಸಂಚಿಕೆಗಳು ಮತ್ತು ಈಗ ಅಚ್ಚಿನಲ್ಲಿಲ್ಲದವು ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿರುವ ಪುಸ್ತಕಮನೆಗೆ ಎಂದು ಭಾಗ ಮಾಡಿದೆವು. ಲಕ್ಷಾಂತರ ಪುಸ್ತಕಗಳನ್ನು ಕೂಡಿಟ್ಟ ಆ ಮನೆಯನ್ನು ನೀವು ಒಮ್ಮೆ ನೋಡಿ ಬರಬೇಕು.

ದೇವರಕೋಣೆಗೆ ಕೈ ಹಾಕಲು ಇಬ್ಬರಿಗೂ ಧೈರ್ಯವಾಗದೆ ಅದನ್ನು ಕೊನೆಗೆ ಉಳಿಸಿಕೊಂಡಿದ್ದೆವು. ಯಾತ್ರೆಗೆ ಹೋದಾಗ ತಂದದ್ದು, ಅಂಗಡಿಯವರು ಕೊಟ್ಟದ್ದು ಎಂದು ಕಟ್ಟು ಹಾಕಿದ ಪಟಗಳೇ ಇಪ್ಪತ್ತಾರಿದ್ದವು. ಹಳೆಯ ಪಟಗಳನ್ನು ಅಶ್ವತ್ಥಕಟ್ಟೆಯಲ್ಲಿ ಇಟ್ಟುಬರುವ ರೂಢಿ ನಮ್ಮಲ್ಲಿದೆ; ಅಲ್ಲಿ ಗಾಜು ಒಡೆದು ಪ್ರದಕ್ಷಿಣೆ ಬರುವವರ ಕಾಲಿಗೆ ಚುಚ್ಚುವುದನ್ನೂ, ದೇವರ ಮುಖ ಮಳೆಯಲ್ಲಿ ಕರಗುವುದನ್ನೂ ದಿನವೂ ನೋಡುತ್ತೇವೆ. ನನಗೆ ಅದು ಭಕ್ತಿಯೆಂದು ತೋರಲಿಲ್ಲ. ಕಟ್ಟು ಬಿಚ್ಚಿಸಿ, ಗಾಜು ಮತ್ತು ಚೌಕಟ್ಟನ್ನು ಕಟ್ಟು ಹಾಕುವವರಿಗೇ ಹಿಂತಿರುಗಿಸಿ, ಚಿತ್ರದ ಕಾಗದವನ್ನು ನೀರಲ್ಲಿ ನೆನೆಸಿ ತುಳಸಿ ಗಿಡದ ಬುಡದ ಮಣ್ಣಿಗೆ ಸೇರಿಸಿದೆವು. ಅತ್ತೆಯವರು ಪೂಜಿಸುತ್ತಿದ್ದ ಸಾಲಿಗ್ರಾಮ ನಿತ್ಯಪೂಜೆ ನಡೆಯುವ ಭಾವನವರ ಮನೆಗೆ ಹೋಯಿತು. ಹೆಬ್ಬೆರಳಿನಷ್ಟು ದೊಡ್ಡ ಬೆಳ್ಳಿಯ ಗಣಪತಿ ನಮ್ಮೊಂದಿಗಿದ್ದಾನೆ. ಡ್ಯಾಶ್‌ಬೋರ್ಡಿನ ಮೇಲೆ ಅಲ್ಲ, ಅಕ್ಕಿ ಡಬ್ಬದ ಪಕ್ಕದ ಗೂಡಿನಲ್ಲಿ.

ಬಟ್ಟೆಗಳಲ್ಲಿ ಕಷ್ಟವಾಗಲಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗೆ ಬಾಣಂತಿ ಮನೆಯಲ್ಲಿ ಎಷ್ಟು ಬೆಲೆಯೆಂದು ಹೆಂಗಸರಿಗೆ ಗೊತ್ತು. ಮರದ ತೊಟ್ಟಿಲು ನಮ್ಮ ಮನೆಯಲ್ಲಿದ್ದದ್ದೇ ಕಡಿಮೆ, ಕೇಳಿ ಒಯ್ದವರ ಮನೆಗಳಲ್ಲೇ ಅದು ತೂಗಿದ್ದು ಹೆಚ್ಚು. ಈಗಲೂ ಹಾಗೇ ನಡೆಯಲಿ ಎಂದು ಬಿಟ್ಟೆವು. ಹೊಲಿಗೆ ಯಂತ್ರ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ಸೊಸೆಗೆ ಹೋಯಿತು.

ಇಲ್ಲಿ ಒಂದು ಕಟುವಾದ ಮಾತನ್ನೂ ಹೇಳಲೇಬೇಕು. ಮನೆಗೆಲಸದವರಿಗೆ, ಆಶ್ರಮಗಳಿಗೆ ಕೊಡುತ್ತೇವೆಂದು ನಾವು ಕೊಡುವುದರಲ್ಲಿ ಅರ್ಧದಷ್ಟು ಕಸ. ಹಿಡಿ ಮುರಿದ ಕುಕ್ಕರು, ಗಂಟುಗಂಟಾದ ಹಾಸಿಗೆ, ಹಲ್ಲು ಕಿತ್ತ ಜಿಪ್ಪಿನ ಚೀಲ. ಬೇಡವೆನ್ನಲು ಸಂಕೋಚವಾಗಿ ಅವರು ಒಯ್ಯುತ್ತಾರೆ, ತಮ್ಮ ಖರ್ಚಿನಲ್ಲಿ ಎಸೆಯುತ್ತಾರೆ. ನಾವು ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟು ಹಾಕಿಸಿ, ಎಣ್ಣೆ ಬಿಟ್ಟು, ಒಂದು ಗಜ ಬಟ್ಟೆ ಹೊಲಿದು ನೋಡಿದ ಮೇಲೆಯೇ ಕೊಟ್ಟೆವು. ಕೆಟ್ಟ ಹಳೇ ಟಿವಿಯನ್ನು ಯಾರಿಗೂ ಕೊಡಲಿಲ್ಲ. ಡಬ್ಬಿ ಟಿವಿಯ ಗಾಜಿನಲ್ಲಿ ಸೀಸವಿರುತ್ತದೆ, ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ, ಅವು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಹೋಗಬೇಕು.

ಗಂಡ ಹೆಂಡತಿಯ ನಡುವೆ ಈ ವಿಷಯದಲ್ಲಿ ಜಗಳವಾಗದೆ ಇರುವುದಿಲ್ಲ. ನಮಗೂ ಆಯಿತು. ಅವರ ಸ್ಪ್ಯಾನರು, ಸುತ್ತಿಗೆ, ಗರಗಸಗಳ ಪೆಟ್ಟಿಗೆ 38 ಕೆ.ಜಿ., ಅಷ್ಟು ಏಕೆಂದು ನಾನು. ಎರಡು ಜರಿ ಸೀರೆ ಏಕೆಂದು ಅವರು. ಕೊನೆಗೆ ಒಬ್ಬೊಬ್ಬರಿಗೆ 50 ಕೆ.ಜಿ. ಸ್ವಂತ ಪಾಲು, ಅದರೊಳಗೆ ಏನಿದೆಯೆಂದು ಇನ್ನೊಬ್ಬರು ಕೇಳುವಂತಿಲ್ಲ, ಉಳಿದ 150 ಇಬ್ಬರದ್ದೂ ಎಂದು ಮಾಡಿಕೊಂಡೆವು. ಅವತ್ತೇ ಜಗಳ ನಿಂತಿತು. ಅವರ ಪೆಟ್ಟಿಗೆ ತಾನಾಗಿಯೇ 21 ಕೆ.ಜಿ.ಗೆ ಇಳಿಯಿತು, ಉಳಿದ ಪಾಲಿನಲ್ಲಿ ಅವರು ತಬಲ ಒಯ್ಯಬೇಕಿತ್ತಂತೆ. ಮಕ್ಕಳಿಗೂ ಪತ್ರ ಬರೆದೆವು: ನಿಮ್ಮ ಶಾಲೆಯ ಪದಕ, ಆಟಿಕೆ, ಕಾಲೇಜು ಪುಸ್ತಕ ಏನೇ ಇದ್ದರೂ ಯುಗಾದಿಯೊಳಗೆ ಬಂದು ಒಯ್ಯಬೇಕು, ಇಲ್ಲವಾದರೆ ನಮ್ಮ ತೀರ್ಮಾನವೇ ತೀರ್ಮಾನ. ಮಗಳು ಬಂದಳು. ಮಗ, "ಎಲ್ಲದರ ಪಟ ತೆಗೆದು ಕಳಿಸಿ ಸಾಕು, ಪದಕಗಳಿಗೆ ಆಸೆಯಿಲ್ಲ, ಒಂದು ಬುಗುರಿ ಮಾತ್ರ ಇಟ್ಟಿರಿ" ಎಂದ.

ಕಾಗದಪತ್ರಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಚಾಲನಾ ಪರವಾನಗಿ, ನೋಂದಣಿ ಪತ್ರ ಮೊದಲಾದವು ಡಿಜಿಲಾಕರಿನಲ್ಲಿದ್ದರೆ ದಾರಿಯಲ್ಲಿ ಸಾಕು. ಮನೆಯ ಕ್ರಯಪತ್ರದಂಥ ಮೂಲ ದಸ್ತಾವೇಜನ್ನು ವ್ಯಾನಿನಲ್ಲಿ ಇಡಲೇಬಾರದು. ಬ್ಯಾಂಕಿನ ಲಾಕರು ಒಳ್ಳೆಯದೇ, ಆದರೆ ಊರು ಬಿಟ್ಟು ಹೋಗುವವರು ಅದರ ನಿಯಮಗಳನ್ನು ತಿಳಿದಿರಬೇಕು. ರಿಸರ್ವ್ ಬ್ಯಾಂಕು 2022ರ ಜನವರಿಯಿಂದ ಜಾರಿಗೆ ತಂದ ನಿಯಮಗಳಂತೆ, ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಮೂರು ವರ್ಷ ಸತತವಾಗಿ ಬಾಡಿಗೆ ಕಟ್ಟದಿದ್ದರೆ ಬ್ಯಾಂಕು ಕ್ರಮ ಪಾಲಿಸಿ ಲಾಕರನ್ನು ಒಡೆಯಬಹುದು. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ಅದನ್ನು ತೆರೆಯದೆ, ನಮ್ಮ ಪತ್ತೆಯೂ ಸಿಗದಿದ್ದರೆ ಒಡೆಯಬಹುದು. ಆದ್ದರಿಂದ ನಾಮನಿರ್ದೇಶನ ಮಾಡಿ, ವರ್ಷಕ್ಕೊಮ್ಮೆಯಾದರೂ ಹೋಗಿ ತೆರೆದು ಬನ್ನಿ. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಪ್ರತಿಗಳನ್ನು ಒಯ್ಯಿರಿ, ಮೂಲವನ್ನು ಒಯ್ಯಬೇಡಿ. ಬಿಸಿಲಿಗೆ ನಿಂತ ವಾಹನದ ಒಳಗಿನ ಕಾವು ಹೊರಗಿನದಕ್ಕಿಂತ ಬಹಳ ಮೇಲೇರುತ್ತದೆ, ಫೋಟೋ, ಔಷಧಿ ಎರಡಕ್ಕೂ ಅದು ಕೆಡುಕು. ನಮ್ಮ ಮೂಲ ಫೋಟೋಗಳು, ಗೆದ್ದಲಿನಿಂದ ಉಳಿದ ತಂದೆಯ ಒಂದೇ ಒಂದು ಲೆಕ್ಕದ ಪುಸ್ತಕ, ಅಜ್ಜಿಯ ಗುಂಡುಕಲ್ಲು, ಮಗನ ಬುಗುರಿ ಒಂದು ತಗಡಿನ ಟ್ರಂಕಿನಲ್ಲಿ ಮಗಳ ಮನೆಯಲ್ಲಿವೆ. ಮುಚ್ಚಳದ ಒಳಮೈಗೆ ಪಟ್ಟಿ ಅಂಟಿಸಿದ್ದೇನೆ, ಪ್ರತಿಯೊಂದರ ಮುಂದೆಯೂ ಹೆಸರಿದೆ.

ಮುಯ್ಯಿ ಪಾತ್ರೆಗಳಲ್ಲಿ ಮೂರರ ಮನೆ ಮಾತ್ರ ಇನ್ನೂ ಪತ್ತೆಯಾಗಿಲ್ಲ. ಅವನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದು ತಿಂಡಿ ಡಬ್ಬ, ಒಂದು ಚೊಂಬು, ಒಂದು ಬೋಸಿ. ಡಬ್ಬದ ತಳದಲ್ಲಿ ಹೆಸರು ಅರ್ಧ ಸವೆದಿದೆ, ಊರಿನ ಜಾಗದಲ್ಲಿ 'ಹೊ' ಎಂಬ ಅಕ್ಷರ ಓದಲು ಬರುತ್ತದೆ. ಹೊಳೆನರಸೀಪುರವಿರಬಹುದು ಎಂದು ನಮ್ಮ ಊಹೆ. ಕಾಫಿ ಕುಡಿಯಲು ಏಳುವಾಗ ದಯವಿಟ್ಟು ಒಬ್ಬೊಬ್ಬರೂ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ. ನಿಮ್ಮ ಮನೆಯವರ ಹೆಸರೆಂದು ಗುರುತು ಸಿಕ್ಕರೆ, ನನ್ನನ್ನು ಕೇಳಬೇಕಾದ್ದಿಲ್ಲ, ಒಯ್ದುಬಿಡಿ.